ತಿಪ್ಪೆ ಎಲ್ಲಿಗೆ ಹೋಯಿತು? ನವನಗರದ ಒಂದು ಮನೆಯ ಕಸದ ಲೆಕ್ಕ

ಹಳೇ ಬಾಗಲಕೋಟೆಯ ನಮ್ಮ ಅಜ್ಜಿಯ ಮನೆಯಲ್ಲಿ ಕಸದ ಡಬ್ಬಿ ಅಂತ ಒಂದು ಇರಲೇ ಇಲ್ಲ. ಬೆಳಿಗ್ಗೆ ಎದ್ದು ಅಜ್ಜಿ ಅಂಗಳ, ಪಡಸಾಲೆ, ಅಡುಗೆಮನೆ ಗುಡಿಸುತ್ತಿದ್ದಳು. ಗುಡಿಸಿದ್ದೆಲ್ಲ ಬುಟ್ಟಿಗೆ. ಬುಟ್ಟಿ ಹಿತ್ತಲ ತಿಪ್ಪೆಗೆ. ಬದನೆಕಾಯಿ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಒಲೆಯ ಬೂದಿ, ಸಗಣಿ, ಎಮ್ಮೆ ತಿಂದು ಬಿಟ್ಟ ಕಣಿಕೆಯ ದಂಟು, ಉದುರಿದ ಬೇವಿನ ಎಲೆ, ಎಲ್ಲವೂ ಅಲ್ಲಿಗೇ. ಮುಂಗಾರಿನ ಮೊದಲು ಹೊಲದಿಂದ ಚಕ್ಕಡಿ ಬರುತ್ತಿತ್ತು. ತಿಪ್ಪೆ ಬಗೆದು ಗೊಬ್ಬರ ಹೇರಿಕೊಂಡು ಹೋಗುತ್ತಿದ್ದರು. ಗುಂಡಿ ಮತ್ತೆ ಖಾಲಿ.

ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಊರಿನ ಎಷ್ಟೋ ಓಣಿಗಳು ಮುಳುಗಡೆಯಾದವು. ನಾವು ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದೆವು, ಸೆಕ್ಟರಿನ ಸೈಟಿನಲ್ಲಿ ಮನೆ ಕಟ್ಟಿದೆವು. ಹಿತ್ತಲು ಉಳಿಯಲಿಲ್ಲ, ದನ ಉಳಿಯಲಿಲ್ಲ, ತಿಪ್ಪೆಯೂ ಉಳಿಯಲಿಲ್ಲ. ರೂಢಿ ಮಾತ್ರ ನಮ್ಮ ಜೊತೆ ಬಂತು. ಗುಡಿಸಿ ಹೊರಗೆ ಹಾಕುವ ರೂಢಿ. ಪಕ್ಕದ ಖಾಲಿ ಸೈಟೇ ತಿಪ್ಪೆಯಾಯಿತು. ಅಲ್ಲಿಗೆ ಉಳ್ಳಾಗಡ್ಡಿ ಸಿಪ್ಪೆಯ ಜೊತೆ ಹಾಲಿನ ಪ್ಯಾಕೆಟ್ಟು, ಶಾಂಪೂ ಚೀಟಿ, ಚಿಪ್ಸ್ ಪೊಟ್ಟಣ, ಕ್ಯಾರಿಬ್ಯಾಗು ಬೀಳತೊಡಗಿದವು. ಸಿಪ್ಪೆ ಮಣ್ಣಾಯಿತು. ಉಳಿದವು ಬೇಸಿಗೆಯ ಗಾಳಿಗೆ ಎದ್ದು ಜಾಲಿ ಕಂಟಿಗೆ ಸಿಕ್ಕಿಕೊಂಡವು, ಮಳೆಗೆ ಗಟಾರು ಸೇರಿ ಹಿನ್ನೀರಿನ ಕಡೆ ಹೊರಟವು.

ಕಸದ ಮಾತು ಬಂದಾಗಲೆಲ್ಲ "ನಮ್ಮ ಜನಕ್ಕೆ ಶಿಸ್ತಿಲ್ಲ" ಅಂತ ಬೈಯುವವರು ಬಹಳ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಹೊರಗೆ ಹಾಕುವುದು ನೂರಾರು ವರ್ಷ ಸರಿಯಾದ ಕೆಲಸವೇ ಆಗಿತ್ತು. ಯಾಕಂದರೆ ಹಾಕಿದ್ದೆಲ್ಲ ಕೊಳೆತು ಮಣ್ಣಾಗುತ್ತಿತ್ತು. ರೂಢಿ ಹಾಗೇ ಇದೆ, ವಸ್ತು ಬದಲಾಗಿದೆ. ಹಾಗಾಗಿ ಮನೆಯ ಕಸ ಕಡಿಮೆ ಮಾಡುವುದು ಅಂದರೆ ನನ್ನ ಮಟ್ಟಿಗೆ ಎರಡು ಕೆಲಸ. ಕೊಳೆಯುವುದಕ್ಕೆ ಅದರ ತಿಪ್ಪೆಯನ್ನು ವಾಪಸ್ ಕೊಡುವುದು ಒಂದು. ಕೊಳೆಯದ್ದನ್ನು ಹೊಸ್ತಿಲ ಹೊರಗೇ ನಿಲ್ಲಿಸುವುದು ಇನ್ನೊಂದು.

ಬಕೆಟ್ಟು ನಾರುತ್ತದೆ, ತಿಪ್ಪೆ ಯಾಕೆ ನಾರುತ್ತಿರಲಿಲ್ಲ?

ಎರಡು ವಾರ ನಮ್ಮ ಮನೆಯ ಕಸವನ್ನು ತೂಗಿ ನೋಡಿದೆ. ನಾವು ನಾಲ್ಕು ಜನ. ಹಸಿ ಕಸ ದಿನಕ್ಕೆ 600ರಿಂದ 800 ಗ್ರಾಂ ಬಂತು. ಒಣ ಕಸ 200 ಗ್ರಾಂ ಒಳಗೇ ಇತ್ತು, ಆದರೆ ಜಾಗ ಮಾತ್ರ ಹಸಿ ಕಸಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ದಿನಕ್ಕೆ 700 ಗ್ರಾಂ ಅಂತ ಹಿಡಿದರೂ ವರ್ಷಕ್ಕೆ ಹಸಿ ಕಸವೇ ಎರಡೂವರೆ ಕ್ವಿಂಟಲ್ ದಾಟುತ್ತದೆ. ಜೋಳದ ಚೀಲದ ಲೆಕ್ಕದಲ್ಲಿ ಯೋಚಿಸಿ. ಒಂದು ಮನೆಯಿಂದ ಅಷ್ಟು ಭಾರ ಗಾಡಿ ಹತ್ತಿ, ಡೀಸೆಲ್ ಸುಟ್ಟು, ಊರ ಹೊರಗೆ ಹೋಗಿ ಬೀಳುತ್ತದೆ. ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ನೀರು. ಅಂದರೆ ನಾವು ನೀರನ್ನು ಗಾಡಿಯಲ್ಲಿ ಹೇರಿ ಕಳಿಸುತ್ತಿದ್ದೇವೆ. ಮಳೆ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಇದು ಯೋಚಿಸಬೇಕಾದ ಮಾತು ಅಲ್ವಾ?

ಈಗ ವಾಸನೆಯ ವಿಷಯ. ಕೊಳೆಸುವ ಸೂಕ್ಷ್ಮಜೀವಿಗಳಲ್ಲಿ ಎರಡು ಬಗೆ. ಒಂದಕ್ಕೆ ಗಾಳಿ ಬೇಕು. ಇನ್ನೊಂದು ಗಾಳಿ ಇಲ್ಲದ ಕಡೆ ಬೆಳೆಯುತ್ತದೆ. ಗಾಳಿ ಬೇಕಾದವು ಸಿಪ್ಪೆಯನ್ನು ತಿಂದು ಗೊಬ್ಬರ ಮಾಡುತ್ತವೆ. ಆಗ ಬರುವುದು ಮೊದಲ ಮಳೆ ಬಿದ್ದಾಗಿನಂಥ ಮಣ್ಣಿನ ವಾಸನೆ. ಗಾಳಿ ಇಲ್ಲದ ಕಡೆಯವು ಹುಳಿ, ಕೊಳೆತ ಮೊಟ್ಟೆಯಂಥ ವಾಸನೆಯ ಅನಿಲ, ಜೊತೆಗೆ ಮೀಥೇನ್ ಬಿಡುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಸಾರು ಸೋರುವ ಅನ್ನ, ಸಿಪ್ಪೆ ತುಂಬಿ ಗಂಟು ಕಟ್ಟಿದರೆ ಒಳಗೆ ಗಾಳಿಗೆ ಜಾಗವೇ ಇಲ್ಲ. ಎರಡನೇ ದಿನಕ್ಕೇ ನಾರುತ್ತದೆ. ಅಜ್ಜಿಯ ತಿಪ್ಪೆಯಲ್ಲಿ ಸಿಪ್ಪೆಯ ನಡುವೆ ಕಣಿಕೆ, ಒಣ ಎಲೆ ಇರುತ್ತಿದ್ದವು. ಅವು ಹಸಿಯನ್ನು ಹೀರಿ, ಸಂದಿ ಬಿಟ್ಟು ಗಾಳಿ ಆಡಿಸುತ್ತಿದ್ದವು. ನಮ್ಮ ಬಕೆಟ್ಟಿಗೂ ಆ ತಿಪ್ಪೆಗೂ ಇರುವ ಫರಕು ಇಷ್ಟೇ.

ಊರ ಹೊರಗಿನ ಕಸದ ಗುಡ್ಡದಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆಯುತ್ತದೆ. ಗುಡ್ಡದ ಹೊಟ್ಟೆಯಲ್ಲಿ ಗಾಳಿಯಿಲ್ಲ. ಮೀಥೇನ್ ಹುಟ್ಟುತ್ತಲೇ ಇರುತ್ತದೆ. 100 ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಕಸದ ಗುಡ್ಡಗಳಿಗೆ ಬೇಸಿಗೆಯಲ್ಲಿ ಬೆಂಕಿ ಬೀಳಲು ಈ ಅನಿಲವೂ ಒಂದು ಕಾರಣ. ಕೆಳಗಿನಿಂದ ಕಪ್ಪು ರಸ ಇಳಿದು ನೆಲದ ನೀರು ಸೇರುತ್ತದೆ. ಇಷ್ಟೆಲ್ಲ ಆಗುವುದು ಬಾಳೆಹಣ್ಣಿನ ಸಿಪ್ಪೆಯಿಂದ, ಹಳಸಿದ ಅನ್ನದಿಂದ. ಅವು ವಿಷವಲ್ಲ. ತಪ್ಪು ಜಾಗದಲ್ಲಿ, ತಪ್ಪು ಜೊತೆಯಲ್ಲಿ ಬಿದ್ದಿವೆ.

ಇದಕ್ಕಾಗಿಯೇ ಹಸಿ ಬೇರೆ, ಒಣ ಬೇರೆ ಅನ್ನುವುದು. ಸಾರು ಚೆಲ್ಲಿದ ಪುಸ್ತಕದ ಹಾಳೆಯನ್ನು ರದ್ದಿಯವನು ಮುಟ್ಟುವುದಿಲ್ಲ. ಬ್ಲೇಡು ಸೇರಿದ ಸಿಪ್ಪೆಯನ್ನು ಯಾವ ರೈತನೂ ಹೊಲಕ್ಕೆ ಹಾಕುವುದಿಲ್ಲ. ಬೇರೆ ಇದ್ದಾಗ ಎರಡಕ್ಕೂ ಬೆಲೆ ಇತ್ತು. ಕೂಡಿದ ಮೇಲೆ ಎರಡೂ ಕಸ. ಆ ಕಸವನ್ನು ಕೈಯಿಂದ ಬಿಡಿಸುವವರು ಪೌರಕಾರ್ಮಿಕರು. ನಮ್ಮ ಮನೆಯಲ್ಲಿ ಅರ್ಧ ನಿಮಿಷದ ಕೆಲಸ, ಅಲ್ಲಿ ಒಬ್ಬರ ಕೈಗೆ ಗಾಯ. ದನಗಳ ಕಥೆ ಇನ್ನೂ ಕಷ್ಟದ್ದು. ಅನ್ನದ ವಾಸನೆ ಹಿಡಿದು ಬಂದ ಆಕಳಿಗೆ ಗಂಟು ಬಿಚ್ಚಲು ಬರುವುದಿಲ್ಲ. ಚೀಲದ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ಕು ಹೊಟ್ಟೆಯ ಮೊದಲ ಕೋಣೆಯಲ್ಲಿ ಉಂಡೆಯಾಗಿ ಕೂತುಬಿಡುತ್ತದೆ. ಮುಂದೆ ಮೇವಿಗೆ ಜಾಗ ಇರುವುದಿಲ್ಲ.

ಈ ಬೇರ್ಪಡಿಸುವ ಮಾತು ದೇಶದಲ್ಲಿ ಕಾನೂನಾಗಿ ಬಂದದ್ದರ ಹಿಂದೆ ಬೆಂಗಳೂರಿನ ಒಬ್ಬ ಹೆಣ್ಣುಮಗಳಿದ್ದಾರೆ. ಅಲ್ಮಿತ್ರಾ ಪಟೇಲ್ 1996ರಲ್ಲಿ ಊರುಗಳ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. 2016ರ ನಿಯಮಗಳು ಇನ್ನೂ ಮುಂದೆ ಹೋಗಿ, ಕಸ ಹುಟ್ಟಿದ ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಮೂರು ಪಾಲು ಮಾಡಬೇಕು ಅಂದವು.

"ನಾವು ಬೇರೆ ಮಾಡಿ ಕೊಟ್ಟರೂ ಮುಂದೆ ಎಲ್ಲಾ ಒಂದೇ ಆಗ್ತದ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು. ಹಸಿ ಕಸ ನಿಮ್ಮ ಮನೆಯಿಂದ ಹೊರಗೇ ಹೋಗದಿದ್ದರೆ ಕೂಡಲು ಏನಿದೆ? ಒಣ ಕಸ ಒಂದೇ ಉಳಿಯುತ್ತದೆ. ಅದು ನಾರುವುದಿಲ್ಲ. ವಾರಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ.

ಬಕೆಟ್ಟಿನಲ್ಲೊಂದು ತಿಪ್ಪೆ

ನಾನು ಉಪಯೋಗಿಸುವುದು 20 ಲೀಟರಿನ ಹಳೆಯ ಬಣ್ಣದ ಬಕೆಟ್ಟು. ಮೂರು ಬೇಕು. ಪಕ್ಕಕ್ಕೆ, ತಳಕ್ಕೆ ಕಾಸಿದ ಮೊಳೆಯಿಂದ ಇಪ್ಪತ್ತು ಮೂವತ್ತು ತೂತು. ತಳದಲ್ಲಿ ಒಂದು ಪದರ ಒಣ ಎಲೆ ಅಥವಾ ತೆಂಗಿನ ನಾರು. ಕೆಳಗೆ ಒಂದು ಹಳೆಯ ತಾಟು, ರಸ ಇಳಿದರೆ ಹಿಡಿಯಲು. ಅಷ್ಟೇ ಸಾಮಾನು. ಅಂಗಡಿಯಲ್ಲಿ ಸಾವಿರಗಟ್ಟಲೆ ರೂಪಾಯಿಯ ಡಬ್ಬಿಗಳೂ ಸಿಗುತ್ತವೆ. ಮೊದಲ ವರ್ಷ ಅದು ಬೇಡ. ಕೆಲಸ ಮಾಡುವುದು ಡಬ್ಬಿಯಲ್ಲ, ಒಳಗಿನ ಪದರ.

ದಿನದ ಸಿಪ್ಪೆ ಹಾಕಿದ ಮೇಲೆ ಅದು ಪೂರ್ತಿ ಮುಚ್ಚುವಷ್ಟು ಒಣ ಎಲೆ ಹಾಕಬೇಕು. ಅಳತೆ ಬೇಕಂದರೆ ಒಂದು ಬಟ್ಟಲು ಹಸಿಗೆ ಒಂದರಿಂದ ಎರಡು ಬಟ್ಟಲು ಎಲೆ. ಇದರ ಹಿಂದೆ ಒಂದು ಲೆಕ್ಕ ಇದೆ. ಸೂಕ್ಷ್ಮಜೀವಿಗಳಿಗೆ ದುಡಿಯಲು ಇಂಗಾಲ ಬೇಕು, ಮೈ ಕಟ್ಟಲು ಸಾರಜನಕ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವಕ್ಕೆ ಹದವಾದ ಊಟ. ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡನ್ನೂ ಕೂಡಿಸಿದರೆ ಹದ ಸಿಗುತ್ತದೆ. ರೊಟ್ಟಿಗೆ ಪಲ್ಯ ಇದ್ದ ಹಾಗೆ. ಬರೀ ಪಲ್ಯ ತಿಂದರೆ ಹೊಟ್ಟೆ ಕೆಡುತ್ತದೆ, ಬರೀ ರೊಟ್ಟಿ ಇಳಿಯುವುದಿಲ್ಲ. ಸಾರಜನಕ ಜಾಸ್ತಿಯಾದರೆ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬರುತ್ತದೆ. ಆಗ ಎಲೆ ಹಾಕಿ ಕೈಯಾಡಿಸಿದರೆ ಮರುದಿನಕ್ಕೆ ಹೋಗುತ್ತದೆ. ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇಂದೋರಿನಲ್ಲಿ ಕೂತು ಭಾರತದ ರೈತರ ಕ್ರಮಗಳನ್ನು ನೋಡಿ, ಪ್ರಯೋಗ ಮಾಡಿ, ಈ ಪದರ ಪದರದ ಗೊಬ್ಬರಕ್ಕೆ ಒಂದು ಪದ್ಧತಿ ಬರೆದ. ಅದನ್ನು ಇವತ್ತಿಗೂ ಇಂದೋರ್ ಪದ್ಧತಿ ಅನ್ನುತ್ತಾರೆ. ನಮ್ಮ ಹಿತ್ತಲಿನ ಜ್ಞಾನಕ್ಕೆ ಅದು ದೂರದ ನೆಂಟ.

ಶುರು ಮಾಡುವಾಗ ಒಂದು ಹಿಡಿ ತಿಪ್ಪೆಗೊಬ್ಬರವೋ, ನೀರಲ್ಲಿ ಕದಡಿದ ಸಗಣಿಯೋ, ಹುಳಿ ಮಜ್ಜಿಗೆಯೋ ಹಾಕಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆಮೇಲಿನ ಬಕೆಟ್ಟುಗಳಿಗೆ ಹಿಂದಿನ ಬಕೆಟ್ಟಿನ ಗೊಬ್ಬರವೇ ಹೆಪ್ಪು.

ನೀರಿನ ಹದ ಬಹಳ ಮುಖ್ಯ. ಎಲ್ಲ ಕಡೆ ಹೇಳುವುದು ನೀರು ಜಾಸ್ತಿಯಾದೀತು ಹುಷಾರು ಅಂತ. ಮಲೆನಾಡಿಗೆ, ಕರಾವಳಿಗೆ ಅದು ಸರಿ. ಬಾಗಲಕೋಟೆಯಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟಿದಾಗ ತೊಂದರೆ ಉಲ್ಟಾ. ಬಕೆಟ್ಟು ಒಣಗಿಬಿಡುತ್ತದೆ. ಸಿಪ್ಪೆ ಕೊಳೆಯದೆ ಸಂಡಿಗೆಯ ಹಾಗೆ ಗರಿಗರಿಯಾಗಿ ಕೂತಿರುತ್ತದೆ. ನನ್ನ ಮೊದಲ ಬಕೆಟ್ಟು ಹಾಗೇ ಆಯಿತು. ಎರಡು ತಿಂಗಳಾದರೂ ಉಳ್ಳಾಗಡ್ಡಿ ಸಿಪ್ಪೆ ಉಳ್ಳಾಗಡ್ಡಿ ಸಿಪ್ಪೆಯಾಗೇ ಇತ್ತು. ಒಳಗೆ ನೂರಕ್ಕೆ 50ರಿಂದ 60 ಪಾಲು ತೇವ ಇರಬೇಕು. ಪರೀಕ್ಷೆ ಸುಲಭ. ಒಂದು ಮುಷ್ಟಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಎಲೆ ಹಾಕಿ. ಏನೂ ಬರದಿದ್ದರೆ ಅಕ್ಕಿ ತೊಳೆದ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಬಕೆಟ್ಟಿಗೆ ಹಸಿ ಗೋಣಿಚೀಲ ಸುತ್ತಿ ನೆರಳಲ್ಲಿಡಿ, ಮಡಕೆ ನೀರಿಗೆ ಮಾಡುವ ಹಾಗೆ.

ವಾರಕ್ಕೆ ಎರಡು ಸಲ ಕೋಲಿನಿಂದ ತಿರುವಿ ಹಾಕಿ. ಮೂರು ವಾರಕ್ಕೆ ಒಂದು ಬಕೆಟ್ಟು ತುಂಬುತ್ತದೆ. ಅದನ್ನು ಬದಿಗಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದಕ್ಕೆ ಆರು ವಾರ ವಿಶ್ರಾಂತಿ ಸಿಕ್ಕಿರುತ್ತದೆ, ಗೊಬ್ಬರ ತಯಾರು. ಕಪ್ಪಗೆ, ಪುಡಿಪುಡಿಯಾಗಿ, ಯಾವುದು ಸಿಪ್ಪೆ ಯಾವುದು ಎಲೆ ಅಂತ ಗುರುತು ಸಿಗದ ಹಾಗಿದ್ದರೆ ಆಗಿದೆ ಅಂತ. ತುಂಬಿದ್ದರ ಕಾಲು ಭಾಗದಷ್ಟೂ ಉಳಿಯದಿದ್ದರೆ ಗಾಬರಿಯಾಗಬೇಡಿ. ನೀರು ಆವಿಯಾಗಿದೆ, ಇಂಗಾಲದ ಒಂದಷ್ಟು ಪಾಲು ಇಂಗಾಲದ ಡೈಆಕ್ಸೈಡಾಗಿ ಗಾಳಿ ಸೇರಿದೆ, ಅಷ್ಟೇ.

ಬಿಳಿ ಹುಳು ಕಂಡ ಕೂಡಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಬಹಳ ಸಲ ಅವು ಒಂದು ಜಾತಿಯ ಕಪ್ಪು ನೊಣದ ಮರಿಗಳು. ಕಚ್ಚುವುದಿಲ್ಲ, ಅನ್ನದ ಮೇಲೆ ಕೂರುವ ನೊಣವೂ ಅದಲ್ಲ. ಸಿಪ್ಪೆಯನ್ನು ಬಕಬಕ ತಿಂದು ಕೆಲಸ ಬೇಗ ಮುಗಿಸುತ್ತವೆ. ನೋಡಲು ಆಗುವುದಿಲ್ಲ ಅನ್ನಿಸಿದರೆ ಒಣ ಎಲೆ ಜಾಸ್ತಿ ಹಾಕಿ, ಕಡಿಮೆಯಾಗುತ್ತವೆ. ಎಣ್ಣೆ ಜಾಸ್ತಿ ಇರುವ ಪಲ್ಯ, ಎಲುಬು, ಮಾಂಸ ಬಕೆಟ್ಟಿಗೆ ಬೇಡ. ಸಣ್ಣ ಬಕೆಟ್ಟಿನಲ್ಲಿ ಅವು ನಾರುತ್ತವೆ, ಇಲಿ ಬರುತ್ತದೆ. ಹಸಿ ನಿಂಬೆ ಸಿಪ್ಪೆ ಒಂದೆರಡು ಇದ್ದರೆ ಅಡ್ಡಿಯಿಲ್ಲ.

ಇನ್ನೊಂದು ಮಾತು. ದೊಡ್ಡ ತಿಪ್ಪೆಯ ಒಳಗೆ ಶಾಖ 55 ಡಿಗ್ರಿ ದಾಟುತ್ತದೆ, ಬೀಜ ಸತ್ತುಹೋಗುತ್ತವೆ. ಬಕೆಟ್ಟಿನಲ್ಲಿ ಅಷ್ಟು ಶಾಖ ಏರುವುದಿಲ್ಲ. ಹಾಗಾಗಿ ತುಳಸಿ ಕುಂಡಕ್ಕೆ ಈ ಗೊಬ್ಬರ ಹಾಕಿದರೆ ಬದಿಯಲ್ಲಿ ಟೊಮೆಟೊ ಸಸಿ ಏಳುತ್ತದೆ. ನಮ್ಮಲ್ಲಿ ಕುಂಬಳವೂ ಎದ್ದಿತ್ತು. ನಮ್ಮ ಕಡೆಯ ಎರಿ ಮಣ್ಣಿಗೆ ಈ ಗೊಬ್ಬರ ಔಷಧಿಯ ಹಾಗೆ. ಎರಿ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಕುಂಡದಲ್ಲಂತೂ ಇಟ್ಟಿಗೆಯಂತಾಗುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಕೂಡಿಸಿದರೆ ಮಣ್ಣು ಸಡಿಲವಾಗುತ್ತದೆ, ನೀರನ್ನೂ ಹಿಡಿದಿಡುತ್ತದೆ.

ಗಿರಣಿಗೆ ಒಯ್ಯುವ ಡಬ್ಬಿ

ಹಸಿ ಕಸದ್ದು ಮುಗಿಯಿತು. ಇನ್ನು ಹೊಸ್ತಿಲಲ್ಲಿ ತಡೆಯುವ ಕೆಲಸ.

ಜೋಳ ಬೀಸಿಸಲು ಗಿರಣಿಗೆ ಹೋಗುವಾಗ ಯಾರಾದರೂ "ಒಂದು ಕ್ಯಾರಿಬ್ಯಾಗ್ ಕೊಡ್ರಿ" ಅಂತ ಕೇಳಿದ್ದು ನೋಡಿದ್ದೀರಾ? ಇಲ್ಲ. ಜೋಳ ನಮ್ಮದು, ಡಬ್ಬಿ ನಮ್ಮದು. ಹಿಟ್ಟು ಅದೇ ಡಬ್ಬಿಯಲ್ಲಿ ವಾಪಸ್ ಬರುತ್ತದೆ. ದೊಡ್ಡ ಊರುಗಳಲ್ಲಿ ಈಗ ಪ್ಯಾಕೆಟ್ ಇಲ್ಲದ ಅಂಗಡಿ ಅಂತ ಹೊಸದಾಗಿ ತೆರೆಯುತ್ತಿದ್ದಾರೆ. ನಮ್ಮ ಓಣಿಯ ಗಿರಣಿ ಅದನ್ನು ಯಾವತ್ತೂ ಬಿಟ್ಟೇ ಇಲ್ಲ. ಅದನ್ನೇ ಇನ್ನೂ ನಾಲ್ಕು ಕಡೆ ಹಬ್ಬಿಸಿದರೆ ಸಾಕು. ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗೆ ಗಾಣಕ್ಕೆ ಸ್ಟೀಲ್ ಕ್ಯಾನು. ಬೇಳೆ, ಬೆಲ್ಲ, ಖಾರದ ಪುಡಿಗೆ ಬಟ್ಟೆಯ ಸಣ್ಣ ಚೀಲ. ಖಾನಾವಳಿಯಿಂದ ಪಲ್ಯ ತರುವುದಾದರೆ ಟಿಫಿನ್ ಡಬ್ಬಿ. ಬಿಸಿ ಪಲ್ಯವನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಸಂತೆಗೆ ಎರಡು ಕೈಚೀಲ, ಒಂದು ಹಸಿ ಮೆಣಸಿನಕಾಯಿ ಕೊತ್ತಂಬರಿಗೆ, ಒಂದು ಭಾರದ್ದಕ್ಕೆ. ಚೀಲ ಮರೆತು ಹೋಗುವುದೇ ಎಲ್ಲರ ಕಷ್ಟ. ನಾನು ಗಾಡಿಯ ಡಿಕ್ಕಿಯಲ್ಲಿ ಒಂದು ಮಡಚಿ ಇಟ್ಟಿರುತ್ತೇನೆ.

ಕ್ಯಾರಿಬ್ಯಾಗಿನ ಮೇಲೆ ಇಷ್ಟೊಂದು ನಿಯಮ ಯಾಕೆ ಅಂತ ಕೇಳುತ್ತಾರೆ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು. ದೇಶದ ಮಟ್ಟದಲ್ಲಿ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಚಮಚ, ತಟ್ಟೆ, ಲೋಟ, ಸ್ಟ್ರಾಗಳಂಥ ಪ್ಲಾಸ್ಟಿಕ್ಕು ನಿಂತಿತು. ಅದೇ ವರ್ಷದ ಕೊನೆಗೆ ಚೀಲದ ದಪ್ಪ 120 ಮೈಕ್ರಾನಿಗಿಂತ ಕಡಿಮೆ ಇರಬಾರದು ಅಂತಾಯಿತು. ದಪ್ಪಕ್ಕೂ ಕಸಕ್ಕೂ ಏನು ಸಂಬಂಧ? ಆಯುವವರ ಕಣ್ಣಿನಿಂದ ನೋಡಿ. ತೆಳು ಚೀಲ ಗರಿಗಿಂತ ಹಗುರ. ಒಂದು ಕಿಲೋ ಆಗಬೇಕಾದರೆ ನೂರಾರು ಚೀಲ ಆಯಬೇಕು, ಅದೂ ಮಣ್ಣು ಮೆತ್ತಿದ್ದು. ಕೂಲಿ ಹುಟ್ಟುವುದಿಲ್ಲ, ಯಾರೂ ಆಯುವುದಿಲ್ಲ. ದಪ್ಪ ಚೀಲಕ್ಕೆ ತೂಕ ಇದೆ, ತೂಕಕ್ಕೆ ದುಡ್ಡಿದೆ. ಅಂಗಡಿಯವನೂ ಅದನ್ನು ಪುಕ್ಕಟೆ ಕೊಡುವುದಿಲ್ಲ.

ಒಣ ಕಸದಲ್ಲೂ ಹೀಗೇ, ಯಾವುದಕ್ಕೆ ಬೆಲೆ ಇದೆ ಅಂತ ತಿಳಿದರೆ ಅರ್ಧ ದಾರಿ ಮುಗಿಯಿತು. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, 1ರಿಂದ 7. ನೀರಿನ ಬಾಟಲಿ 1. ಶಾಂಪೂ, ಫಿನೈಲ್ ಡಬ್ಬಿ ಸಾಮಾನ್ಯವಾಗಿ 2. ಹಾಲಿನ ಪ್ಯಾಕೆಟ್ಟು 4ರ ಜಾತಿ. ಊಟದ ಪಾರ್ಸಲ್ ಡಬ್ಬಿ ಬಹಳ ಸಲ 5. ಇವೆಲ್ಲ ಕರಗುತ್ತವೆ, ಮತ್ತೆ ಅಚ್ಚಿಗೆ ಹೋಗುತ್ತವೆ, ಮೋಡಕಾದವನು, ಅಂದರೆ ಗುಜರಿಯವನು, ತೂಗಿ ಒಯ್ಯುತ್ತಾನೆ. ಹಾಲಿನ ಪ್ಯಾಕೆಟ್ಟು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಅಂಟಿಕೊಂಡೇ ಇರಲಿ. ಆ ಬೆರಳುಗುರಿನಷ್ಟು ತುಂಡನ್ನು ಯಾರೂ ಆಯಲು ಆಗುವುದಿಲ್ಲ, ನೇರ ಗಟಾರಿಗೆ ಹೋಗುತ್ತದೆ. ಪ್ಯಾಕೆಟ್ಟನ್ನು ಪಾತ್ರೆ ತೊಳೆದ ನೀರಲ್ಲೇ ಅದ್ದಿ ತೆಗೆದು ಹಗ್ಗಕ್ಕೆ ಹಾಕಿದರೆ ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ.

ಬೆಲೆಯೇ ಇಲ್ಲದ್ದು ಹೊಳೆಯುವ ಪೊಟ್ಟಣಗಳು. ಚಿಪ್ಸು, ಬಿಸ್ಕೀಟು, ಗುಟ್ಕಾ, ಶಾಂಪೂ ಚೀಟಿ. ಇವು ಒಂದೇ ಹಾಳೆಯಂತೆ ಕಂಡರೂ ಬೇರೆ ಬೇರೆ ಪ್ಲಾಸ್ಟಿಕ್ಕಿನ ಪದರಗಳು, ನಡುವೆ ಅಲ್ಯೂಮಿನಿಯಮ್ಮಿನ ತೆಳು ಲೇಪ. ಪದರ ಬಿಡಿಸುವುದು ಬಹಳ ಕಷ್ಟ, ಬಿಡಿಸದೆ ಕರಗಿಸಿದರೆ ಏನೂ ಆಗಿ ಬರುವುದಿಲ್ಲ. ಇವುಗಳಿಗೆ ಉಳಿದಿರುವ ಒಂದು ದಾರಿ ಸಿಮೆಂಟ್ ಗೂಡು. ಸುಣ್ಣದ ಕಲ್ಲು ಸಿಮೆಂಟಾಗಲು 1,400 ಡಿಗ್ರಿಗೂ ಮೇಲಿನ ಶಾಖ ಬೇಕು. ಅಷ್ಟು ಶಾಖದಲ್ಲಿ ಕಲ್ಲಿದ್ದಲಿನ ಜೊತೆ ಈ ಪೊಟ್ಟಣಗಳನ್ನೂ ಉರುವಲಾಗಿ ಸುಡಬಹುದು. ಸುಣ್ಣದ ಕಲ್ಲಿನ ನಮ್ಮ ಜಿಲ್ಲೆಯ ಜನಕ್ಕೆ ಸಿಮೆಂಟ್ ಕಾರ್ಖಾನೆ ಹೊಸದಲ್ಲ. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಪೊಟ್ಟಣ ಒಣಗಿರಬೇಕು, ಬೇರೆಯಾಗಿರಬೇಕು. ಅದಕ್ಕಿಂತ ಸುಲಭ, ಐದು ಶಾಂಪೂ ಚೀಟಿಯ ಬದಲು ಒಂದು ಬಾಟಲಿ ತರುವುದು. ಮಕ್ಕಳ ಡಬ್ಬಿಗೆ ಚಿಪ್ಸಿನ ಬದಲು ಶೇಂಗಾ ಉಂಡಿ, ಚುರುಮುರಿ.

ಇದೇ ಪೊಟ್ಟಣಗಳನ್ನು ಬೆಳಿಗ್ಗೆ ಎಲೆಯ ಜೊತೆ ಗುಡಿಸಿ ಬೆಂಕಿ ಹಚ್ಚುವುದನ್ನು ದಯವಿಟ್ಟು ಬಿಡಬೇಕು. ಸಿಮೆಂಟ್ ಗೂಡಿನ ಶಾಖ ಬೇರೆ, ಬೀದಿ ಬದಿಯ ಹೊಗೆಯಾಡುವ ಬೆಂಕಿ ಬೇರೆ. ಕಡಿಮೆ ಶಾಖದಲ್ಲಿ ಪ್ಲಾಸ್ಟಿಕ್ಕು ಅರ್ಧ ಸುಟ್ಟು ಸಣ್ಣ ಮಸಿ ಕಣಗಳಾಗುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಪೈಪು, ವೈರಿನ ಹೊದಿಕೆಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ಕು ಸೇರಿದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಹೊಗೆ ಮೊದಲು ಸೇರುವುದು ಗುಡಿಸುವವರ ಎದೆಗೆ, ಆಮೇಲೆ ಅಂಗಳದಲ್ಲಿ ಆಡುವ ಮಕ್ಕಳ ಎದೆಗೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸುಟ್ಟರೆ 5,000 ರೂಪಾಯಿ ದಂಡ ಅಂದಿತು. ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000.

ಹಳೇ ಸೀರೆಯ ಎರಡನೇ ಜನ್ಮ

ಬಟ್ಟೆಯ ಕಸದ ಬಗ್ಗೆ ಬರೆಯುವಾಗ ನನಗೆ ಕೌದಿ ನೆನಪಾಗದೆ ಇರುವುದಿಲ್ಲ. ಇಳಕಲ್ಲ ಸೀರೆ ಉಟ್ಟು ಉಟ್ಟು ಮೆತ್ತಗಾದ ಮೇಲೆ, ಅಜ್ಜನ ಧೋತರ, ಹರಿದ ಪರಕಾರ, ಖಣದ ತುಂಡು ಎಲ್ಲ ಸೇರಿ ಕೌದಿ ಆಗುತ್ತಿತ್ತು. ಒಂದರ ಮೇಲೊಂದು ಪದರ ಹಾಸಿ, ಅಂಚಿನಿಂದ ನಡುವಿನ ತನಕ ಸಾಲು ಸಾಲು ಹೊಲಿಗೆ. ಕೌದಿ ಹೊಲಿಯುವ ಹೆಂಗಸರು ಮನೆಗೇ ಬಂದು ವಾರಗಟ್ಟಲೆ ಕೂತು ಹೊಲಿಯುತ್ತಿದ್ದರು. ಕೌದಿ ಹರಿದರೆ ಅದರ ಮೇಲೆ ಇನ್ನೊಂದು ಪದರ. ಅದೂ ಸವೆದರೆ ಮಗುವಿನ ಕೆಳಗಿನ ಬಟ್ಟೆ, ಆಮೇಲೆ ಒರೆಸುವ ಬಟ್ಟೆ, ಕೊನೆಗೆ ತಿಪ್ಪೆ. ಹತ್ತಿ ಹೊಲದಿಂದ ಬಂದದ್ದು ಹೊಲಕ್ಕೇ ಹೋಗುತ್ತಿತ್ತು.

ಈಗಿನ ಹಳೇ ಬಟ್ಟೆಯಿಂದ ಅಂಥ ಕೌದಿ ಆಗುವುದು ಕಷ್ಟ. ಅರ್ಧಕ್ಕರ್ಧ ಪಾಲಿಯೆಸ್ಟರ್. ಪಾಲಿಯೆಸ್ಟರ್ ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ, ನೂಲಾಗಿ ಎಳೆದದ್ದು. ಬೆವರು ಹೀರುವುದಿಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ನೀರು ಸೇರುತ್ತವೆ. ಕೊಳೆಯುವುದಂತೂ ಇಲ್ಲ. ಹಾಗಾಗಿ ನನ್ನ ಸಲಹೆ ಕೊಳ್ಳುವ ಹೊತ್ತಿನದು. ಇಳಕಲ್ಲ, ಗುಳೇದಗುಡ್ಡ, ರಬಕವಿ ಬನಹಟ್ಟಿ, ಇಷ್ಟು ಮಗ್ಗದ ಊರುಗಳು ನಮ್ಮ ಜಿಲ್ಲೆಯಲ್ಲೇ ಇವೆ. ಮೂರು ಅಗ್ಗದ ಸೀರೆಯ ಬದಲು ಒಂದು ಒಳ್ಳೆಯ ಹತ್ತಿ ಸೀರೆ ಕೊಳ್ಳಿ. ನಿಮ್ಮ ಓಣಿಯಲ್ಲಿ ಕೌದಿ ಹೊಲಿಯುವವರು ಇನ್ನೂ ಇದ್ದರೆ ಅವರಿಗೆ ಕೂಲಿ ಚೆನ್ನಾಗಿ ಕೊಟ್ಟು ಹೊಲಿಸಿ. ಕೈ ತಪ್ಪಿದರೆ ಈ ಕಸುಬು ಮತ್ತೆ ಬರುವುದಿಲ್ಲ.

ಹಬ್ಬದ ವಿಷಯದಲ್ಲೂ ಹಿಂದಿನವರ ವಸ್ತು ಸರಿಯಿತ್ತು. ನಮ್ಮ ಕಡೆ ವರ್ಷದಲ್ಲಿ ಐದು ಸಲ ಮಣ್ಣನ್ನು ಪೂಜೆ ಮಾಡುತ್ತೇವೆ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಐದೂ ಹಸಿ ಮಣ್ಣಿನಿಂದ ಎದ್ದು ಮಣ್ಣಿಗೇ ಹೋಗುತ್ತವೆ. ನಾಲ್ಕು ಈಗಲೂ ಹಾಗೇ ಇವೆ. ಗಣಪನಿಗೆ ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್ಸು, ರಾಸಾಯನಿಕ ಬಣ್ಣ ಬಂತು. ಅದು ನೀರಲ್ಲಿ ಬೇಗ ಕರಗುವುದಿಲ್ಲ. ಹಿನ್ನೀರು ಇಳಿದಾಗ ದಡದಲ್ಲಿ ಅರ್ಧ ಮೂರ್ತಿಗಳು ಕಂಡರೆ ಜೀವ ಚುರ್ ಅನ್ನುತ್ತದೆ. ಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲೇ ಕಳಿಸಿ, ಆ ನೀರನ್ನು ಗಿಡಕ್ಕೆ ಹಾಕಬಹುದು.

ಮದುವೆ ಮನೆಗೆ ಒಂದೇ ಮಾತು. ಪೇಪರ್ ಲೋಟ ಅಂತ ಸಮಾಧಾನ ಪಡಬೇಡಿ, ಅದರ ಒಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಮುತ್ತಲ ಎಲೆಯ ಪತ್ರಾವಳಿ ಅಥವಾ ಬಾಡಿಗೆಯ ಸ್ಟೀಲ್ ತಾಟು, ಸ್ಟೀಲ್ ಲೋಟ ಇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಪ್ಯಾಡು, ಡಯಾಪರುಗಳಲ್ಲಿ ಪ್ಲಾಸ್ಟಿಕ್ ಇದೆ. ಸುಡಬೇಡಿ, ಸಂಡಾಸಿಗೆ ಹಾಕಬೇಡಿ. ರದ್ದಿ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಎತ್ತುವವರಿಗೆ ಗೊತ್ತಾಗಲಿ. ಒಗೆದು ಬಳಸುವ ಬಟ್ಟೆಯ ಪ್ಯಾಡು, ಹಲವು ವರ್ಷ ಬರುವ ಮುಟ್ಟಿನ ಕಪ್ಪು ಹೊಂದುವವರಿಗೆ ಅವೇ ಒಳ್ಳೆಯವು. ಸಿಎಫ್‌ಎಲ್ ಬಲ್ಬು, ಬ್ಯಾಟರಿ, ಬ್ಲೇಡು, ಅವಧಿ ಮುಗಿದ ಗುಳಿಗೆಗೆ ಒಂದು ಹಳೆಯ ಡಬ್ಬಿ ಮೀಸಲಿಡಿ. ಸಿಎಫ್‌ಎಲ್ ಒಳಗೆ ಪಾದರಸ ಇದೆ, ಒಡೆಯಬಾರದು. ಆರ್‌ಒ ಯಂತ್ರ ಬಿಡುವ ನೀರಲ್ಲಿ ಉಪ್ಪಿನ ಅಂಶ ಜಾಸ್ತಿ. ನೆಲ ಒರೆಸಲು, ಪಾತ್ರೆ ನೆನೆಹಾಕಲು ಆಗುತ್ತದೆ, ದಿನಾ ಕುಂಡಕ್ಕೆ ಹಾಕಿದರೆ ಗಿಡ ಸೊರಗುತ್ತದೆ. ಇನ್ನು ತಂಗಳ ರೊಟ್ಟಿ ಮುರಿದು ಒಗ್ಗರಣೆ ಹಾಕುವುದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ.

ಶುರು ಮಾಡಲು ಒಳ್ಳೆಯ ಕಾಲ ಯಾವುದು ಅಂತ ಪಕ್ಕದ ಮನೆಯ ಅಕ್ಕ ಕೇಳಿದರು. ಶಿವರಾತ್ರಿಯ ಆಸುಪಾಸು ಅಂದೆ. ಆಗ ಬೇವು ಎಲೆ ಉದುರಿಸುತ್ತದೆ. ನವನಗರದ ರಸ್ತೆಗಳ ತುಂಬ ಹಳದಿ ಎಲೆ. ಹಿಂದೆಲ್ಲ ನಾವು ಅದಕ್ಕೆ ಬೆಂಕಿ ಹಚ್ಚುತ್ತಿದ್ದೆವು. ಒಂದು ಕಡೆ ಎಲೆ ಸುಟ್ಟು ಹೊಗೆ, ಇನ್ನೊಂದು ಕಡೆ ಎಲೆ ಇಲ್ಲದೆ ನಾರುವ ಬಕೆಟ್ಟು. ಈಗ ಆರು ಗೋಣಿಚೀಲ ತುಂಬಿ, ಒತ್ತಿ ಕಟ್ಟಿ, ಮಹಡಿ ಮೆಟ್ಟಿಲ ಕೆಳಗೆ ಇಡುತ್ತೇನೆ. ಪುಡಿ ಮಾಡಿ ತುಂಬಿದರೆ ಜಾಗ ಕಡಿಮೆ ಸಾಕು, ಬೇಗ ಕೊಳೆಯುತ್ತದೆ ಕೂಡ. ನಾಲ್ಕು ಜನರ ಮನೆಗೆ ಅದು ಮಳೆಗಾಲದ ಕೊನೆ ತನಕ ಬರುತ್ತದೆ. ಅಲ್ಲಿಂದ ಮುಂದೆ ಬಡಗಿಯ ಅಂಗಡಿಯ ಮರದ ಪುಡಿ ಕೂಡಿಸಿಕೊಳ್ಳುತ್ತೇನೆ. ಅಕ್ಕ ಈ ವರ್ಷ ಎರಡು ಚೀಲ ತುಂಬಿದ್ದಾರೆ. ಖಾಲಿ ಸೈಟಿನ ಬದಿಯ ಬೇವಿನ ಮರ ಇನ್ನೂ ಅರ್ಧ ಉದುರಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಕಸಬರಿಗೆ ತಗೊಂಡು ಹೋಗುವುದು ಅಂತ ಮಾತಾಗಿದೆ.